ಚಾಕುವಿನ ಹಿತ್ತಾಳೆಗೆ ಹಳೆಯ ಬಣ್ಣ ತರುವುದು ಹೇಗೆ?

ಕೈಯಾರೆ ಮಾಡಿದ ಚಾಕು. ಅಲಗು ಮಾಸಲು ಬೂದು, ಹಿಡಿ ಕಡು ಕಂದು. ನಡುವಿನ ಹಿತ್ತಾಳೆ ಗಾರ್ಡ್ ಮಾತ್ರ ಹೊಸ ನಲ್ಲಿಯ ಹಾಗೆ ಫಳಫಳ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ವಾ? ಆ ಹೊಳಪು ಇಳಿಸಲು ಅಮೋನಿಯಾ ಹಬೆ ಸಾಕು.

ಮೊದಲು ಗಾರ್ಡನ್ನು ಅಂಟು ಹಾಕದೆ ಚಾಕುವಿಗೆ ಕೂರಿಸಿ, ಉಜ್ಜಿ ಸಮ ಮಾಡಿ, ಮತ್ತೆ ಬಿಚ್ಚಿಕೊಳ್ಳಿ. ಬಣ್ಣ ಬಿಡಿ ತುಂಡಿಗೇ ಬರಬೇಕು. ನಾನೊಮ್ಮೆ ಅವಸರಕ್ಕೆ ಬಿದ್ದು ಇಡೀ ಚಾಕುವನ್ನೇ ಅಮೋನಿಯಾ ಹಬೆಯ ಡಬ್ಬಿಯಲ್ಲಿಟ್ಟೆ. ಅಲಗಿಗೆ ತುಕ್ಕು ಹತ್ತಿತು. ಓಕ್ ಮರದ ಹಿಡಿಯೂ ಕಪ್ಪಾಯಿತು. ಟ್ಯಾನಿನ್ ಎಂಬ ಒಗರಿನ ಅಂಶ ಇರುವ ಮರಕ್ಕೆ ಅಮೋನಿಯಾ ತಾಗಿದರೆ ಹಾಗೇ. ಕೆಲವು ಬಡಗಿಗಳು ಅದನ್ನು ಬೇಕೆಂದೇ ಮಾಡುತ್ತಾರೆ, ನನಗೆ ಬೇಕಿರಲಿಲ್ಲ!

ಕೆಲಸ ಕೆಡುವುದು ಹೆಚ್ಚಾಗಿ ಶುಚಿ ಮಾಡುವಾಗಲೇ. 400 ನಂಬರಿನ ಎಮರಿ ಪೇಪರ್‌ನಿಂದ ತಿಕ್ಕಿ, ಆಮೇಲೆ 600. ಕನ್ನಡಿಯಂತೆ ಪಾಲಿಶ್ ಮಾಡಬೇಡಿ. ತೀರಾ ನುಣುಪಾದ ಮೈ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಅಂಗಡಿಯಿಂದ ತಂದ ಹಿತ್ತಾಳೆಗೆ ಲ್ಯಾಕರ್, ಅಂದರೆ ಹೊಳಪು ಕಾಯುವ ತೆಳು ಲೇಪ, ಬಳಿದಿದ್ದರೆ ಅದೂ ಪೂರ್ತಿ ಹೋಗಬೇಕು. ಬಳಿಕ ಅಸಿಟೋನ್‌ನಲ್ಲಿ ಒರೆಸಿ, ನೀರು ಬಿಟ್ಟು ನೋಡಿ. ನೀರು ತೆಳ್ಳಗೆ ಹರಡಿದರೆ ಸರಿ, ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ. ಇಲ್ಲಿಂದ ಮುಂದೆ ಕೈಗವಸು ಬೇಕೇ ಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚೂ ಹಿತ್ತಾಳೆಯ ಮೇಲೆ ಮೂಡಿಬಿಡುತ್ತದೆ.

ಇನ್ನು ಹಬೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಸ್ವಲ್ಪ ಅಮೋನಿಯಾ ಸುರಿಯಿರಿ. ಸೋಪು ಬೆರೆಸದ್ದೇ ಆಗಲಿ. ಹಿತ್ತಾಳೆಯನ್ನು ದಾರದಲ್ಲಿ ತೂಗುಹಾಕಿ. ದ್ರವಕ್ಕೂ ತಾಗಬಾರದು, ಡಬ್ಬಿಯ ಗೋಡೆಗೂ ತಾಗಬಾರದು. ಮುಚ್ಚಿಟ್ಟು ಕಾಯಿರಿ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹಬೆ ಮುಖ್ಯವಾಗಿ ತಾಮ್ರದ ಮೇಲೆ ಕೆಲಸ ಮಾಡುತ್ತದೆ. ಹಳದಿ ಮೊದಲು ಮಂಕಾಗಿ, ಆಮೇಲೆ ಕಂದಾಗುತ್ತದೆ. ತುಂಡಿನ ಮೇಲೆ ಉಪ್ಪು ಉದುರಿಸಿದರೆ ನೀಲಿ-ಹಸಿರು ಕಿಲುಬು ಬರುತ್ತದೆ. ಚಾಕುವಿಗೆ ಅದು ಜಾಸ್ತಿಯಾಯಿತು ಅಂತ ನನ್ನ ಅನಿಸಿಕೆ.

ಎಷ್ಟು ಹೊತ್ತು? ನಾಲ್ಕು ಗಂಟೆಯೂ ಆಗಬಹುದು, ಇಡೀ ರಾತ್ರಿಯೂ ಹಿಡಿಯಬಹುದು. ಎರಡು ಗಂಟೆಗೊಮ್ಮೆ ನೋಡುತ್ತಿರಿ. ಬೇಕಾದ ಬಣ್ಣಕ್ಕಿಂತ ಒಂದು ಪಾಲು ತಿಳಿಯಾಗಿದ್ದಾಗಲೇ ಹೊರತೆಗೆಯಿರಿ. ಮೇಣ ಹಚ್ಚಿದ ಮೇಲೆ ಇನ್ನಷ್ಟು ಗಾಢವಾಗಿ ಕಾಣುತ್ತದೆ.

ಇದನ್ನೆಲ್ಲ ಬಯಲಲ್ಲೇ ಮಾಡಿ, ಕಣ್ಣಿಗೆ ಕನ್ನಡಕ ಇರಲಿ. ಬ್ಲೀಚ್ ಹತ್ತಿರಕ್ಕೂ ತರಬೇಡಿ. ಅಮೋನಿಯಾ ಜೊತೆ ಸೇರಿದರೆ ವಿಷಾನಿಲ ಹುಟ್ಟುತ್ತದೆ. ಹಿತ್ತಾಳೆಗೂ ಒಂದು ಅಪಾಯವಿದೆ. ಬಡಿದು, ಬಗ್ಗಿಸಿ ಆಕಾರ ಕೊಟ್ಟ ತುಂಡು ಅಮೋನಿಯಾ ಹಬೆಯಲ್ಲಿ ಬಿರುಕು ಬಿಡಬಹುದು. ಹಿಂದೆ ಬ್ರಿಟಿಷ್ ಸೇನೆಯವರು ಕುದುರೆ ಲಾಯದಲ್ಲಿಟ್ಟ ತೋಟಾಗಳ ಹಿತ್ತಾಳೆ ಕವಚ ಮಳೆಗಾಲದಲ್ಲಿ ಸೀಳುತ್ತಿದ್ದದ್ದು ಇದೇ ಕಾರಣಕ್ಕೆ. ಕುದುರೆ ಮೂತ್ರದ ಅಮೋನಿಯಾ! ಅಂಥ ತುಂಡಾದರೆ ಎಮರಿ ಪೇಪರ್ ಹಿಡಿಯುವ ಮೊದಲೇ ಮಂದ ಕೆಂಪಾಗುವಷ್ಟು ಕಾಯಿಸಿ ಆರಿಸಿಕೊಳ್ಳಿ. ದಪ್ಪ ಪಟ್ಟಿಯಿಂದ ಅರದಲ್ಲಿ ಉಜ್ಜಿ ಮಾಡಿದ ಗಾರ್ಡಿಗೆ ಈ ಚಿಂತೆ ಕಡಿಮೆ.

ಹೊರತೆಗೆದ ತುಂಡನ್ನು ಮುಟ್ಟದೆ ಗಾಳಿಗೆ ಒಣಗಲು ಬಿಡಿ. ಆಮೇಲೆ ತೊಳೆದು, ಒತ್ತಿ ನೀರು ತೆಗೆಯಿರಿ. 0000 ನಂಬರಿನ ಸ್ಟೀಲ್ ವುಲ್‌ನಿಂದ ಅಂಚುಗಳನ್ನಷ್ಟೇ ಹಗುರವಾಗಿ ಸವರಿ. ಸಂದಿಯಲ್ಲಿ ಕಪ್ಪು ಉಳಿದು, ಉಬ್ಬು ಮಾತ್ರ ಸ್ವಲ್ಪ ಮಿನುಗುತ್ತದೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಜೇನುಮೇಣ ಹಚ್ಚಿ.

ಹಿಡಿಯ ಹಿತ್ತಾಳೆ ಪಿನ್ನುಗಳನ್ನು ಜೋಡಿಸಿದ ಮೇಲೆ ಉಜ್ಜಲೇಬೇಕು, ಮೊದಲೇ ಬಣ್ಣ ತಂದರೂ ಉಳಿಯುವುದಿಲ್ಲ. ಅವಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕೈಬೆವರಿಗೆ ತಾವೇ ಮಾಸುತ್ತವೆ. ಹಿತ್ತಾಳೆ ಕಪ್ಪಾಗಿಸುವ ರೆಡಿಮೇಡ್ ದ್ರವಗಳೂ ಸಿಗುತ್ತವೆ, ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅಂಥ ಹಲವು ದ್ರವಗಳಲ್ಲಿ ಸೆಲೆನಿಯಂ ಸಂಯುಕ್ತ ಇರುತ್ತದೆ, ಅದು ವಿಷ. ಅಡುಗೆಮನೆ ಚಾಕುವಿಗೆ ಬೇಡವೇ ಬೇಡ.