ಕ್ಯಾಂಪಿನ ಕಾರ್ಡು ಫೈಲಿನ ಮೊದಲ ಪುಟದಲ್ಲೇ ಇರಲಿ

ತಮಿಳುನಾಡಿನ ಭವಾನಿಸಾಗರದ ಶ್ರೀಲಂಕಾ ತಮಿಳು ನಿರಾಶ್ರಿತರ ಕ್ಯಾಂಪಿನ ಒಬ್ಬ ಹೆಣ್ಣುಮಗಳಿಗೆ ಕೊನೆಗೂ ಭಾರತದ ಪಾಸ್‌ಪೋರ್ಟ್ ಬಂತು. "ಕ್ಯಾಂಪಿನವರಿಗೆ ಎಲ್ಲಿ ಸಿಗುತ್ತೆ, ಸುಮ್ನೆ ಓಡಾಡ್ತೀರಿ" ಅಂತ ನಮ್ಮ ತಾಳವಾಡಿಯಲ್ಲೂ ಕೆಳಗೆ ಸತ್ಯಮಂಗಲದಲ್ಲೂ ಹೇಳಿದವರೇ ಜಾಸ್ತಿ. ಅವರಲ್ಲಿ ವಕೀಲರೂ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಫಾರಂ ತುಂಬುವುದು, ಅಪಾಯಿಂಟ್‌ಮೆಂಟ್ ಹಿಡಿಯುವುದು ಈ ಕೆಲಸದಲ್ಲಿರುವವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಅವಳ ಗಂಡ ಪೇಂಟಿಂಗ್ ಕೆಲಸಕ್ಕೆ ನಮ್ಮೂರಿಗೆ ಬರುತ್ತಿದ್ದ. ಹಾಗೆ ಪರಿಚಯ. ಕೇಸು ಹೀಗಿತ್ತು. ಶ್ರೀಲಂಕಾದ 1983ರ ಗಲಭೆಯ ನಂತರ ಅವಳ ಅಪ್ಪ-ಅಮ್ಮ ದೋಣಿ ಹತ್ತಿ ಬಂದರು. 1984ರಲ್ಲಿ ರಾಮನಾಥಪುರ ಜಿಲ್ಲೆಯಲ್ಲಿ ಇವಳು ಹುಟ್ಟಿದಳು. 1987ರ ಭಾರತ-ಶ್ರೀಲಂಕಾ ಒಪ್ಪಂದ ಆದಮೇಲೆ ಎಲ್ಲರೂ ಊರಿಗೆ ವಾಪಸ್ ಹೋದರು. 1990ರಲ್ಲಿ ಯುದ್ಧ ಮತ್ತೆ ಶುರುವಾಯಿತು, ಮತ್ತೆ ಬಂದರು. ಆಗ ಹೆಸರು ಬರೆದುಕೊಂಡವರು ಮನೆಯವರ ಹೆಸರುಗಳನ್ನೆಲ್ಲ ಸೇರಿಸಿ ಪಕ್ಕದಲ್ಲಿ ಒಂದು ದೊಡ್ಡ ಬ್ರಾಕೆಟ್ ಎಳೆದು, ಹುಟ್ಟೂರು ಶ್ರೀಲಂಕಾದ "ಮನ್ನಾರ್" ಅಂತ ಒಂದೇ ಸಲ ಬರೆದಿದ್ದಾರೆ. ನೀಲಿ ಇಂಕು, ಓರೆ ಅಕ್ಷರ. ಆ ಬ್ರಾಕೆಟ್ಟಿನೊಳಗೆ ಇವಳು ಮೂವತ್ತು ವರ್ಷ ಸಿಕ್ಕಿಹಾಕಿಕೊಂಡಳು.

ನನ್ನ ಹತ್ತಿರ ಬರುವ ಮೊದಲೇ ಒಬ್ಬ ಏಜೆಂಟು ಆರೇಳು ಸಾವಿರ ತಗೊಂಡು ಅರ್ಜಿ ಹಾಕಿಸಿದ್ದ. ಕ್ಯಾಂಪಿನ ವಿಷಯ ಮುಚ್ಚಿಟ್ಟು ಆಧಾರ್ ಒಂದೇ ತೋರಿಸಿದ್ದ. ಪೊಲೀಸ್ ವೆರಿಫಿಕೇಷನ್‌ಗೆ ಬಂದವರಿಗೆ ಮನೆ ನಂಬರ್ ನೋಡಿದರೇ ಗೊತ್ತಾಗುತ್ತೆ ಅಲ್ವಾ? ವರದಿ ವಿರುದ್ಧವಾಗಿ ಹೋಯಿತು, ದುಡ್ಡೂ ಹೋಯಿತು. ಆಮೇಲೆ ಯಾರೋ ಆಶ್ರಯ ಕೇಳಿ ಮನವಿ ಬರೆಸಿದರು. ಅದಕ್ಕೆ ಉತ್ತರವೇ ಬರಲಿಲ್ಲ. ಬರುವುದೂ ಇಲ್ಲ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಕಾನೂನೂ ಮಾಡಿಲ್ಲ. 2019ರ ಪೌರತ್ವ ತಿದ್ದುಪಡಿಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ.

ನಾನು ಹಿಡಿದದ್ದು ಹುಟ್ಟಿನ ದಾರಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು, ಅಪ್ಪ-ಅಮ್ಮ ಯಾರೇ ಇರಲಿ. ಮಂಡಪಂ ಕ್ಯಾಂಪಿನಲ್ಲಿ 1986ರಲ್ಲಿ ಹುಟ್ಟಿದ ಒಬ್ಬರಿಗೆ ಪಾಸ್‌ಪೋರ್ಟ್ ಕೊಡಿ ಅಂತ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ 2022ರಲ್ಲಿ ಹೇಳಿತು. ಅವರು 2024ರಲ್ಲಿ ವೋಟನ್ನೂ ಹಾಕಿದರು.

ಫೈಲು ಜೋಡಿಸುವಾಗ ಕ್ಯಾಂಪಿನ ಕಾರ್ಡನ್ನು ಮೊದಲ ಪುಟದಲ್ಲೇ ಇಟ್ಟೆ. ಎಲ್ಲರೂ ಬೈದರು, ಕೌಂಟರಿನಲ್ಲೇ ವಾಪಸ್ ಕೊಡ್ತಾರೆ ಅಂದರು. ಆದರೆ ಮುಚ್ಚಿಟ್ಟರೆ ಅನುಮಾನ, ನಾವೇ ತೋರಿಸಿದರೆ ಅದು ಬರೀ ವಿಳಾಸ. ಎರಡನೇ ಪುಟ ಜನನ ಪತ್ರ, ಮೂರನೆಯದು ಕೋರ್ಟ್ ಆದೇಶದ ಪ್ರತಿ. ನಾಲ್ಕನೆಯದು ಬೇರೆ ದೇಶದ ಪೌರತ್ವ ಪಡೆದಿಲ್ಲ ಅಂತ ಅಫಿಡವಿಟ್. ಇದು ಬೇಕೇ ಬೇಕು, ಯಾಕೆಂದರೆ ನಡುವೆ ಮೂರು ವರ್ಷ ಅವಳು ಅಲ್ಲಿದ್ದಳು.

ಜನನ ಪತ್ರಕ್ಕೇ ಒಂದು ವರ್ಷದ ಹತ್ತಿರ ಹಿಡಿಯಿತು. ರಿಜಿಸ್ಟರಿನಲ್ಲಿ ಮಗುವಿನ ಹೆಸರಿಲ್ಲ, "ಹೆಣ್ಣು" ಅಂತಷ್ಟೇ ಇದೆ. ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಬೇರೆ. ಆ ಹಳೇ ರಿಜಿಸ್ಟರು ಹುಡುಕಿಸಿದ ದಾರಿಯನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಸಹಾಯ ಮಾಡಿದವರಿಗೆ ತೊಂದರೆ. 1990ರ ನೋಂದಣಿಯ ನಕಲಿಗೆ ಮಾತ್ರ ಆರ್‌ಟಿಐ ಸಾಕಾಯಿತು. ಆರ್‌ಟಿಐ ಹಕ್ಕು ಇರುವುದು ನಾಗರಿಕರಿಗೆ ಮಾತ್ರ. ಹಾಗಾಗಿ ಅವಳ ಒಪ್ಪಿಗೆ ಪತ್ರ ಲಗತ್ತಿಸಿ ನನ್ನ ಹೆಸರಿನಲ್ಲಿ ಹಾಕಿದೆ. ಹತ್ತು ರೂಪಾಯಿಯ ಕೆಲಸ. ಇದನ್ನು ಈ ಕಡೆ ನನಗಿಂತ ಮೊದಲು ಯಾರೂ ಮಾಡಿದ್ದು ನಾನು ಕೇಳಿಲ್ಲ.

ದುಡ್ಡಿನ ಮಾತು. ಪಾಸ್‌ಪೋರ್ಟ್ ಶುಲ್ಕ 1,500. ನೋಟರಿ, ಜೆರಾಕ್ಸ್, ರಾಮನಾಥಪುರಕ್ಕೆ ಬಸ್ಸು, ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ ಆಗಿರಬೇಕು. ಅದಕ್ಕಿಂತ ದೊಡ್ಡದು ಹೋದ ಕೂಲಿ. ಗಂಡ ಜೊತೆಗೆ ಬಂದ ಪ್ರತಿ ದಿನ ಎಂಟುನೂರು ಒಂಬೈನೂರು ಹೋಯಿತು. ಕ್ಯಾಂಪಿನಿಂದ ದೂರ ಹೋಗಬೇಕಾದರೆ ಮೊದಲೇ ಹೇಳಿ ಅನುಮತಿ ತಗೋಬೇಕು. ಹಾಜರಿ ತಪ್ಪಿದರೆ ಸಹಾಯಧನಕ್ಕೆ ಕತ್ತರಿ. 2021ರಲ್ಲಿ ಹೆಚ್ಚಿಸಿದ ಮೇಲೂ ಮನೆಯ ಯಜಮಾನನಿಗೆ ತಿಂಗಳಿಗೆ ಸಿಗುವುದು 1,500 ರೂಪಾಯಿ. ಅದು ಒಂದು ತಿಂಗಳು ತಪ್ಪಿದರೂ ಆ ಮನೆಗೆ ಕಷ್ಟ. ನನಗೂ ಫೋನುಗಳು ಬಂದವು. "ನಿಮಗ್ಯಾಕೆ ಇವರ ಉಸಾಬರಿ?" ನನ್ನ ಹೆಂಡತಿಗೆ ಅದು ಬಹಳ ದಿನ ನಿದ್ದೆ ಕೆಡಿಸಿತು. ದಿಂಬಂ ಘಾಟಿ ಇಳಿದು ಹೋದಾಗಲೆಲ್ಲ ಕತ್ತಲಾಗುವುದರೊಳಗೆ ವಾಪಸ್ ಬಾ ಅನ್ನುತ್ತಿದ್ದಳು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಕ್ಯಾಂಪಿನ ಒಬ್ಬ ಅಜ್ಜಿ ಲಂಕಾದ ಟೀ ತೋಟದ ಕಡೆಯವರು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಲ್ಲಿ ಭಾರತ ಲಂಕಾದಲ್ಲಿದ್ದ ಭಾರತ ಮೂಲದ 5,25,000 ಜನರನ್ನು ವಾಪಸ್ ತಗೊಳ್ಳಲು ಒಪ್ಪಿತ್ತು. ಹಾಗೆ ಬಂದ ಕೆಲವರಿಗೆ ನಮ್ಮ ಸುಳ್ಯದ ಕಡೆ ರಬ್ಬರ್ ತೋಟದಲ್ಲೂ ಕೆಲಸ ಸಿಕ್ಕಿತು. ಅಜ್ಜಿಯ ಅಣ್ಣ ಆ ಲೆಕ್ಕದಲ್ಲಿ ಬಂದು ಭಾರತೀಯರಾದರು. ಅಜ್ಜಿ ಯುದ್ಧದ ಲೆಕ್ಕದಲ್ಲಿ ಬಂದು ಕ್ಯಾಂಪಿನಲ್ಲೇ ಉಳಿದರು. ಅಣ್ಣನ ಹಳೇ ಕಾಗದ ಇಟ್ಟು ಅರ್ಜಿ ಕೊಟ್ಟಿದ್ದೇವೆ. ಅದಿನ್ನೂ ಅಲ್ಲೇ ಇದೆ.

ಪಾಸ್‌ಪೋರ್ಟ್ ಬಂದ ದಿನ ಅವಳು ಕೇಳಿದ್ದು ಮಕ್ಕಳ ಬಗ್ಗೆ. "ಅಣ್ಣಾ, ಪಿಳ್ಳೈಗಳಿಗೆ?" ಮಗಳು 2003ರವಳು. 2004ರ ಡಿಸೆಂಬರ್ 3ರ ಮೊದಲು ಇಲ್ಲಿ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾದರೆ ಸಾಕು. ಅವಳ ಫೈಲು ಕೊಟ್ಟಾಗಿದೆ, ಆಗುತ್ತೆ ಅನ್ನುವ ನಂಬಿಕೆ ನನಗಿದೆ. ಮಗ 2007ರವನು. ಆ ದಿನಾಂಕದ ನಂತರ ಹುಟ್ಟಿದವರಿಗೆ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಕ್ಯಾಂಪಿನ ಅಪ್ಪನನ್ನು ಸರ್ಕಾರ ಹಾಗೇ ನೋಡುತ್ತೆ. 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ 2025ರ ಹೊಸ ಆದೇಶದಲ್ಲಿ ಶಿಕ್ಷೆಯಿಂದ ವಿನಾಯಿತಿ ಸಿಕ್ಕಿದೆ. ಪೌರತ್ವ ಸಿಕ್ಕಿಲ್ಲ. ಒಂದೇ ಮನೆಯ ಅಕ್ಕ ತಮ್ಮನನ್ನು ಹೀಗೆ ಬೇರೆ ಮಾಡುವುದು ತಪ್ಪು. ಹುಡುಗನ ಜನನ ಪತ್ರ, ಟಿಸಿ, ಅಪ್ಪನ ನೋಂದಣಿ, ಎಲ್ಲದರ ಮೂಲ ಪ್ರತಿ ತೆಗೆಸಿ ಇಟ್ಟಿದ್ದೇನೆ. 2004ರ ನಂತರ ಹುಟ್ಟಿದವರ ಕೇಸು ಯಾರಾದರೂ ಕೋರ್ಟಿಗೆ ಒಯ್ದಿದ್ದರೆ ತಿಳಿಸಿ, ಇವನ ಫೈಲು ತಯಾರಿದೆ.