ಪ್ರೀಮಿಯಂ ಮಳಿಗೆಯ ವಿನ್ಯಾಸ ಮುನ್ನಡೆಸುತ್ತೀರಾ? ಮೊದಲು ಮಾಕಪ್ ಕಟ್ಟಿಸಿ

ಪ್ರೀಮಿಯಂ ಬ್ರ್ಯಾಂಡ್ ಒಂದರ ಮಳಿಗೆಗಳ ವಿನ್ಯಾಸದ ಹೊಣೆ ಹೊತ್ತ ಕೂಡಲೇ ಎಲ್ಲರೂ ರೆಂಡರ್, ಅಂದರೆ ಮಳಿಗೆ ಹೇಗೆ ಕಾಣುತ್ತದೆ ಎಂಬ ಕಂಪ್ಯೂಟರ್ ಚಿತ್ರ, ಕೇಳುತ್ತಾರೆ. ಕೊಡಿ. ಆದರೆ ರೆಂಡರ್ ನೋಡಿ ಯಾವುದನ್ನೂ ಅಂತಿಮ ಮಾಡಬೇಡಿ. ಪರದೆಯ ಮೇಲೆ ಎಲ್ಲ ಮರವೂ ಚೆಂದ, ಎಲ್ಲ ಬೆಳಕೂ ಹದ. ಗಿರಾಕಿ ಕೈಯಿಡುವುದು ನಿಜವಾದ ಮೇಜಿನ ಮೇಲೆ, ಅಲ್ವಾ? ಅದಕ್ಕೇ ನಾನು ಬಜೆಟ್‌ನಲ್ಲಿ ಮೊದಲು ತೆಗೆದಿಡುವುದು ಪೂರ್ಣ ಅಳತೆಯ ಮಾಕಪ್‌ನ, ಅಂದರೆ ನಿಜವಾಗಿ ಕಟ್ಟಿ ನೋಡುವ ಮಾದರಿಯ, ಹಣ.

ಆಪಲ್ ತನ್ನ ಮೊದಲ ಮಳಿಗೆಗಳನ್ನು 2001ರ ಮೇ ತಿಂಗಳಲ್ಲಿ ತೆರೆಯಿತು. ಅದಕ್ಕೂ ಮುಂಚೆ ಒಂದು ಗೋದಾಮಿನೊಳಗೆ ಇಡೀ ಮಳಿಗೆಯನ್ನೇ ಮಾದರಿಯಾಗಿ ಕಟ್ಟಿ ನೋಡಿದ್ದರು. ಉತ್ಪನ್ನದ ಪ್ರಕಾರ ಜೋಡಿಸಿದ್ದನ್ನೆಲ್ಲ ಕಿತ್ತು, ಜನ ಅವುಗಳಿಂದ ಏನು ಮಾಡುತ್ತಾರೆ ಅನ್ನುವುದರ ಪ್ರಕಾರ ಮತ್ತೆ ಜೋಡಿಸಿದರು. ನಿಮಗೆ ಇಡೀ ಮಳಿಗೆ ಬೇಕಿಲ್ಲ. ಒಂದು ಗೋಡೆ, ಒಂದು ಮೇಜು, ಒಂದು ಟ್ರಯಲ್ ರೂಮ್, ಮೇಲೆ ಚಾವಣಿಯ ಒಂದು ತುಂಡು ಸಾಕು. ಆದರೆ ಚಾವಣಿ ನಿಜವಾದ ಎತ್ತರದಲ್ಲೇ ಇರಲಿ.

ಯಾಕೆ ಅಂದರೆ ಬೆಳಕು. 24 ಡಿಗ್ರಿ ಬೀಮ್‌ನ, ಅಂದರೆ ಬೆಳಕು 24 ಡಿಗ್ರಿ ಕೋನದಲ್ಲಿ ಹರಡುವ, ದೀಪ 2 ಮೀಟರ್ ಕೆಳಗೆ ಸುಮಾರು 85 ಸೆಂಟಿಮೀಟರ್ ಅಗಲದ ವೃತ್ತ ಬೀರುತ್ತದೆ. 3 ಮೀಟರ್ ಆದರೆ ಅದೇ ವೃತ್ತ 1.3 ಮೀಟರ್‌ಗೆ ಹರಡುತ್ತದೆ. ಆಗ ವಸ್ತುವಿನ ಮೇಲೆ ಬೀಳಬೇಕಾದ ಬೆಳಕು ನೆಲಕ್ಕೂ ಚೆಲ್ಲುತ್ತದೆ. ಸಿಆರ್‌ಐ ಅಂದರೆ ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಸರಾಸರಿ ಅಂಕ. ಅದು 80 ಇದೆ ಎಂದು ಮಾರಾಟಗಾರರು ಹೇಳಿದರೆ ಸುಮ್ನೆ ಒಪ್ಪಬೇಡಿ. ಆ ಸರಾಸರಿ ಲೆಕ್ಕದಲ್ಲಿ ಗಾಢ ಕೆಂಪಿನ ಅಂಕ, ಅಂದರೆ ಆರ್9, ಸೇರಿರುವುದೇ ಇಲ್ಲ. ಆರ್9 ಕಡಿಮೆಯಾದರೆ ಚರ್ಮದ ಚೀಲ, ತೇಗ, ಗಿರಾಕಿಯ ಮುಖ ಎಲ್ಲವೂ ಕಳೆಗುಂದುತ್ತವೆ. ಸಿಆರ್‌ಐ 90ಕ್ಕಿಂತ ಜಾಸ್ತಿ, ಆರ್9 50ಕ್ಕಿಂತ ಜಾಸ್ತಿ ಎಂದು ಬರೆದೇ ಕೇಳಿ. ಟ್ರಯಲ್ ರೂಮಿನಲ್ಲಿ ನೀವೇ ಕನ್ನಡಿಯ ಮುಂದೆ ನಿಲ್ಲಿ. ಬೆಳಕು ನೆತ್ತಿಯ ಮೇಲಿಂದ ಮಾತ್ರ ಬಂದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಹಾಗೆ ಕಂಡ ಮುಖಕ್ಕೆ ಯಾವ ಬಟ್ಟೆಯೂ ಒಪ್ಪುವುದಿಲ್ಲ. ಮುಖದ ಎರಡೂ ಬದಿಯಿಂದ ಬೆಳಕು ಕೊಡಿ.

ಆಮೇಲೆ ಸಂದುಗಳನ್ನು ನೋಡಿ. ಕಲ್ಲು ಮರಕ್ಕೆ ಸೇರುವ ಕಡೆ ಉಗುರು ಎಳೆಯಿರಿ. ಎಲ್ಲಿ ತಡೆಯುತ್ತದೋ ಅಲ್ಲಿ ಕೆಲಸ ಬಾಕಿ ಇದೆ. ಕಲ್ಲಿನವರು ನಮ್ಮ ಅಳತೆ ಸರಿ ಅನ್ನುತ್ತಾರೆ, ಬಡಗಿಗಳೂ ಹಾಗೇ ಅನ್ನುತ್ತಾರೆ. ಆ ಸಂದಿನ ಹೊಣೆ ಯಾರದ್ದು ಎಂದು ಡ್ರಾಯಿಂಗ್‌ನಲ್ಲೇ ಹೆಸರಿಸಿ. ಸಾಧ್ಯವಾದರೆ ಸಂದುಗಳನ್ನೇ ಕಡಿಮೆ ಮಾಡಿ. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿರುವ ಆಪಲ್‌ನ ಗಾಜಿನ ಘನಕ್ಕೆ ಮೊದಲು 90 ಫಲಕಗಳಿದ್ದವು. 2011ರಲ್ಲಿ ಅದನ್ನು 15 ಫಲಕಗಳಲ್ಲೇ ಮತ್ತೆ ಕಟ್ಟಿದರು.

ಮಾಕಪ್‌ಗೆ ನಿರ್ದೇಶಕರಿಗಿಂತ ಮೊದಲು ಮಳಿಗೆಯ ಸಿಬ್ಬಂದಿಯನ್ನು ಕರೆಯಿರಿ. ಗಾಜು ಒರೆಸಲಿ, ಡ್ರಾಯರ್ ಎಳೆಯಲಿ, ಕೆಟ್ಟ ದೀಪ ಬದಲಿಸಲಿ. ಏಣಿ ಇಡಲು ಜಾಗವಿಲ್ಲ ಅನ್ನುವುದು ಅವರಿಗೆ ಮೊದಲು ಗೊತ್ತಾಗುತ್ತದೆ. ಗಾಲಿಕುರ್ಚಿ ತಿರುಗಲು 1500 ಮಿಲಿಮೀಟರ್ ವೃತ್ತ ಬೇಕು. ಅದನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ ನೋಡಿ.

ಇಷ್ಟಾದ ಮೇಲೆ ಯಾವುದು ಎಲ್ಲ ಮಳಿಗೆಯಲ್ಲೂ ಒಂದೇ ಇರಬೇಕು, ಯಾವುದನ್ನು ಊರಿಗೆ ತಕ್ಕಂತೆ ಬಿಡಬಹುದು ಎಂದು ಬರೆಯಿರಿ. ಹೊರಕವಚ ಒಂದೇ ಇರಬೇಕಿಲ್ಲ. ಫ್ಯಾಷನ್ ಬ್ರ್ಯಾಂಡ್ ಪ್ರಾಡಾದ ನ್ಯೂಯಾರ್ಕ್ ಮಳಿಗೆಯನ್ನು 2001ರಲ್ಲಿ ಓಎಂಎ ಎಂಬ ವಾಸ್ತುಶಿಲ್ಪ ಸಂಸ್ಥೆ ಮಾಡಿತು, ಟೋಕಿಯೋದ್ದನ್ನು 2003ರಲ್ಲಿ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಎಂಬ ಇನ್ನೊಂದು ಸಂಸ್ಥೆ. ಒಂದಕ್ಕೊಂದು ಹೋಲಿಕೆಯೇ ಇಲ್ಲ. ನಾನು ಬಿಗಿಯಾಗಿ ಹಿಡಿಯುವುದು ಮೇಜಿನ ಎತ್ತರ, ಬೆಳಕಿನ ಬಣ್ಣ, ಹಿಡಿಕೆಗಳು ಮತ್ತು ಬಾಗಿಲು ದಾಟಿದ ಕೂಡಲೇ ಸಿಗುವ ಖಾಲಿ ಜಾಗ. ನೆಲ ಮತ್ತು ಮುಂಭಾಗವನ್ನು ಅಲ್ಲಿನ ವಾಸ್ತುಶಿಲ್ಪಿಗೆ ಬಿಡುತ್ತೇನೆ. ಖರ್ಚು ಇಳಿಸಿ ಎಂಬ ಒತ್ತಾಯ ಬಂದರೂ ಇದೇ ಪಟ್ಟಿ ಕೆಲಸಕ್ಕೆ ಬರುತ್ತದೆ: ಕೈ ಮುಟ್ಟದ ಕಡೆಯಿಂದ ಕಡಿತ ಶುರುಮಾಡಿ.

ಒಪ್ಪಿದ ಪ್ರತಿ ಸ್ಯಾಂಪಲ್‌ನ ಹಿಂಬದಿಗೆ ಸಹಿ ಹಾಕಿ, ತಾರೀಖು ಬರೆಯಿರಿ. ಒಂದು ತುಂಡು ಕಾರ್ಖಾನೆಗೆ, ಒಂದು ಸೈಟಿಗೆ, ಒಂದು ನಿಮ್ಮ ಹತ್ತಿರ. ಮೊದಲ ಮಳಿಗೆ ತೆರೆಯುವವರೆಗೆ ಮಾಕಪ್ ಬಿಚ್ಚಲು ಬಿಡಬೇಡಿ.