ಡಿಸೆಂಬರ್ ಬಂದ ಮೇಲೆ ಅಚ್ಚು ಹುಡುಕಬೇಡಿ

ಕಳೆದ ವರ್ಷ ಆಗಮನ ಕಾಲದ (ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಆದಿತ್ಯವಾರಗಳ ಕಾಲ) ಮೂರನೆಯ ಆದಿತ್ಯವಾರ ಆರಾಧನೆ ಮುಗಿಸಿ ದೇವಾಲಯದ ಹಿಂದಿನ ಸಭಾಂಗಣಕ್ಕೆ ಹೋದಾಗ, ನಮ್ಮ ಸ್ತ್ರೀಯರ ಕೂಟಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಎಣ್ಣೆಯಲ್ಲಿ ಕರಿಯುವ ಹೂವಿನಾಕಾರದ ಕ್ರಿಸ್‌ಮಸ್ ತಿಂಡಿ ರೋಸ್ ಕುಕ್ಕಿಯ ಅಚ್ಚನ್ನು ಸೋಪು ಹಾಕಿ, ಸ್ಟೀಲ್ ನಾರಿನಿಂದ ತಿಕ್ಕಿ, ಬೆಳ್ಳಗೆ ಮಾಡಿ ಬಿಸಿಲಿಗೆ ಇಟ್ಟಿದ್ದರು. ನನ್ನ ಅತ್ತೆಯವರ ಕಾಲದಿಂದ ಎಣ್ಣೆ ಕುಡಿದು ಕಪ್ಪಾಗಿ ಹದಗೊಂಡಿದ್ದ ಅಚ್ಚು ಅದು. "ತುಂಬಾ ಜಿಡ್ಡು ಹಿಡಿದಿತ್ತು ಆಂಟಿ, ಕ್ಲೀನ್ ಮಾಡಿದೆವು" ಎಂದು ಅವರು ಹೆಮ್ಮೆಯಿಂದ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಆ ಸಂಜೆ ಹಿಟ್ಟೆಲ್ಲ ಅಚ್ಚಿಗೆ ಕಚ್ಚಿಕೊಂಡು ಒಂದು ಹೂವೂ ಇಡಿಯಾಗಿ ಬರಲಿಲ್ಲ. ನೆರೆಮನೆಗಳಿಗೆ ಹೋಗಬೇಕಾದ ತಟ್ಟೆಗಳಲ್ಲಿ ಕೊನೆಗೆ ಬೇಕರಿಯ ಕೇಕಿನ ತುಂಡುಗಳನ್ನಿಟ್ಟು ಕಳುಹಿಸಿದೆವು. ಈ ವರ್ಷ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರಿನ ಹಳೆಯ ಬಾಸೆಲ್ ಮಿಷನ್ ಸಭೆ, ಎಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಟೆಸ್ಟೆಂಟ್ ಮಿಷನಿನವರು ಕಟ್ಟಿದ ಸಭೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಈ ಕರಾವಳಿಗೆ ಬಂದಿಳಿದರು. ಮುಂದೆ ಇಲ್ಲಿಯ ಸಭೆಗಳು ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿದವು. ಮನೆಯಲ್ಲಿ ತುಳು ಮಾತನಾಡಿದರೂ ದೇವಾಲಯದಲ್ಲಿ ನಾವು ಹಾಡುವುದು, ಪ್ರಾರ್ಥಿಸುವುದು ಕನ್ನಡದಲ್ಲೇ. ಆಗಮನ ಕಾಲದ ಮೊದಲ ಆದಿತ್ಯವಾರ ಯಾವ ವರ್ಷವೂ ನವೆಂಬರ್ 27ಕ್ಕಿಂತ ಹಿಂದೆ ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದಿಲ್ಲ. ಇದು ಕ್ಯಾಲೆಂಡರಿನಲ್ಲಿ ಕಾಣುವ ಸಂಗತಿಯೇ ಆಗಿದ್ದರೂ, ಪ್ರಭುಭೋಜನದ (ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ) ಮೇಜಿಗೆ ಹಾಸುವ ನೇರಳೆ ಬಟ್ಟೆ ಎಲ್ಲಿದೆ ಎಂದು ಆ ದಿನ ಬೆಳಿಗ್ಗೆ ಏಳು ಗಂಟೆಗೆ ನನಗೆ ಫೋನು ಬರುವುದು ತಪ್ಪಿಲ್ಲ. ನೇರಳೆ ಬಟ್ಟೆ ಬಣ್ಣ ಬಿಡುತ್ತದೆ. ಅದನ್ನು ಬೇರೆಯಾಗಿ ಉಪ್ಪುನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ನವೆಂಬರ್ ಮಧ್ಯದೊಳಗೆ ಮಡಚಿಡಬೇಕು. ಕ್ರಿಸ್‌ಮಸ್ಸಿನ ಬಿಳಿ ಬಟ್ಟೆಗೆ ಗಂಜಿ ಹಾಕುವುದೂ ಅದೇ ವಾರದ ಕೆಲಸ.

ಕಂಬಳಿಗಳ ವಿಷಯದಲ್ಲಂತೂ ತಡ ಮಾಡುವುದು ತಪ್ಪೇ ಸರಿ. ಯುವಜನ ಸಂಘದವರು ಡಿಸೆಂಬರ್ 23ಕ್ಕೆ ಕಂಬಳಿ ಹಂಚಲು ಹೊರಡುತ್ತಾರೆ. ಅಷ್ಟು ಹೊತ್ತಿಗೆ ಚಳಿಯ ಎಷ್ಟೋ ರಾತ್ರಿಗಳು ಕಳೆದಿರುತ್ತವೆ. ಮಂಗಳೂರಿನಲ್ಲಿ ಚಳಿಯೆಲ್ಲಿದೆ ಎಂದು ಹಂಚು ಹೊದಿಸಿದ ಮನೆಯೊಳಗೆ ಮಲಗುವವರು ಕೇಳಬಹುದು. ಕಟ್ಟಡದ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ, ಗದಗಗಳಿಂದ ಬಂದು ಸಿಮೆಂಟು ಚೀಲದ ಮೇಲೆ ಮಲಗುವವರಿಗೆ ನಸುಕಿನ ಮೂರು ಗಂಟೆಯ ಇಬ್ಬನಿ ಎಂದರೆ ಏನೆಂಬುದು ಗೊತ್ತು. ಹಲವು ವರ್ಷಗಳ ಹಿಂದೆ ನಾನು ಕಂಬಳಿ ಚಾಚಿದಾಗ ಒಬ್ಬ ಹೆಂಗಸು, "ಮೊದಲ ಹಾಸಾಕ ಏನರ ಕೊಡ್ರಿ ಅವ್ವಾರ, ಹೊದಿಯೋದು ಆಮ್ಯಾಲ ನೋಡೂಣಂತ" ಎಂದಳು. ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದ ಏರುತ್ತದೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಅಂದಿನಿಂದ ಒಂದು ಕಂಬಳಿಗೆ ಒಂದು ದಪ್ಪ ಜಮಖಾನೆ ಜೊತೆಯಾಗಿಯೇ ಹೋಗಬೇಕೆಂದು ಹಟ ಹಿಡಿದಿದ್ದೇನೆ. ಧೂಳಿನ ನಡುವೆ ಬಳಸುವ ವಸ್ತುವಾದ್ದರಿಂದ ಗಾಢ ಬಣ್ಣದ್ದನ್ನೇ ಆರಿಸಿ. ಕೊಡುವಾಗ ಫೋಟೋ ತೆಗೆಯಬೇಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯವನ್ನು ಓದಿಸಿ ಬೆಳೆಸಿದ ಮಕ್ಕಳು ಕಂಬಳಿಯ ಒಂದು ತುದಿಯನ್ನು ತಾವು ಹಿಡಿದು ಇನ್ನೊಂದು ತುದಿಯನ್ನು ಆ ಮುದುಕನ ಕೈಗೆ ಕೊಟ್ಟು ನಗುವುದನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ. ಗದಗ-ಬೆಟಗೇರಿಯಲ್ಲಿ ನಮ್ಮದೇ ಮಿಷನಿನ ಹಳೆಯ ಸಭೆಯಿದೆ. ಅಲ್ಲಿಂದ ಬಂದ ಒಂದೆರಡು ಕುಟುಂಬಗಳು ಆದಿತ್ಯವಾರ ನಮ್ಮ ಕೊನೆಯ ಬೆಂಚಿನಲ್ಲಿ ಕುಳಿತು ಎದ್ದುಹೋಗುತ್ತವೆ. ಮೊದಲು ಅವರ ಹೆಸರು ಕೇಳಿ, ಚಹಾಕ್ಕೆ ಕರೆಯಿರಿ.

ಇನ್ನು ಅಚ್ಚು. ಕೊಂಕಣಿ ಮಾತನಾಡುವ ನಮ್ಮ ಕ್ಯಾಥೊಲಿಕ್ ನೆರೆಯವರು ಈ ತಿಂಡಿಯನ್ನು ಕೊಕ್ಕಿಸಾಂ ಎನ್ನುತ್ತಾರೆ, ಹಬ್ಬದ ತಿಂಡಿಗಳ ಇಡೀ ತಟ್ಟೆಯನ್ನು ಕುಸ್ವಾರ್ ಎನ್ನುತ್ತಾರೆ. ತಟ್ಟೆಯಲ್ಲಿ ಬೇರೆ ಏನಿಲ್ಲದಿದ್ದರೂ ನಡೆದೀತು, ಈ ಹೂ ಇರಲೇಬೇಕು. ಹೊಸ ಅಚ್ಚನ್ನಾಗಲಿ, ತಿಕ್ಕಿ ಹಾಳು ಮಾಡಿದ ಅಚ್ಚನ್ನಾಗಲಿ ಒಂದು ರಾತ್ರಿ ಗಂಜಿನೀರಿನಲ್ಲಿ ಮುಳುಗಿಸಿಡಿ. ಮರುದಿನ ಒರೆಸಿ, ಒಲೆಯ ಹತ್ತಿರ ಇಟ್ಟು ನೀರಿನ ಪಸೆ ಪೂರ್ತಿ ಆರಿದ ಮೇಲೆ ತೆಂಗಿನೆಣ್ಣೆ ಸವರಿ. ಒಂದು ವಾರ ದಿನವೂ ಹೀಗೆ ಸವರುತ್ತಿರಿ. ಆಮೇಲೆ ಕಾದ ಎಣ್ಣೆಯಲ್ಲಿ ಅದನ್ನು ಸುಮ್ಮನೆ ಕಾಲು ಗಂಟೆ ಬಿಟ್ಟು, ಅದೇ ಎಣ್ಣೆಯಲ್ಲಿ ತಣಿಯಲು ಬಿಡಬೇಕು. ಆ ಇಬ್ಬರು ಹುಡುಗಿಯರು ಬೆಳ್ಳಗೆ ಮಾಡಿದ ಅಚ್ಚಿಗೆ ನಾನು ಜನವರಿಯಿಂದ ಈಸ್ಟರಿನ ತನಕ ಈ ಸೇವೆ ಮಾಡಿದ್ದೇನೆ. ಈಗ ಪುನಃ ಕಪ್ಪಗಾಗುತ್ತಿದೆ.

ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ನೆನೆಸಿ, ದಪ್ಪ ತೆಂಗಿನ ಹಾಲಿನಲ್ಲಿ ನುಣ್ಣಗೆ ಅರೆದು, ಕೈಗೆ ಬಂದಷ್ಟು ಮೈದಾ, ಮೊಟ್ಟೆ, ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ, ಕರಿಎಳ್ಳು ಸೇರಿಸುವುದು ನಿಮಗೆಲ್ಲ ಗೊತ್ತಿರುವುದೇ. ಹಿಟ್ಟು ನೀರುದೋಸೆಯದಕ್ಕಿಂತ ದಪ್ಪವಾಗಿ, ಉದ್ದಿನ ದೋಸೆಯದಕ್ಕಿಂತ ತೆಳುವಾಗಿ ಇರಲಿ. ಸಿಹಿ ಹೆಚ್ಚಿರಲಿ ಎಂದು ಸಕ್ಕರೆ ಸುರಿದರೆ ಹೂವು ಬೇಯುವ ಮೊದಲೇ ಕಂದುತ್ತದೆ, ಅಚ್ಚನ್ನೂ ಬಿಡುವುದಿಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ವಿಪರೀತ ಕಾದಿದ್ದರೆ ಹಿಡಿದ ಹಿಟ್ಟು ಪಾತ್ರೆಯಲ್ಲೇ ಕಳಚಿ ಬೀಳುತ್ತದೆ. ಎಣ್ಣೆಯಿಂದ ಎತ್ತಿದ ಅಚ್ಚನ್ನು ಒಮ್ಮೆ ಕೊಡವಿ, ಅಡಿಯನ್ನು ಮಡಚಿದ ಕಾಗದಕ್ಕೆ ಮುಟ್ಟಿಸಿ, ಮೇಲಿನ ಎಣ್ಣೆ ಇಳಿದ ಮೇಲೆ ಹಿಟ್ಟಿಗೆ ಅದ್ದಬೇಕು. ಆಗ ಸುಂಯ್ ಎಂಬ ಸಣ್ಣ ಸದ್ದು ಕೇಳಬೇಕು. ಚಟಚಟ ಎಂದರೆ ಬಿಸಿ ಹೆಚ್ಚಾಯಿತು, ಸದ್ದೇ ಇಲ್ಲದಿದ್ದರೆ ಕಡಿಮೆಯಾಯಿತು ಎಂದು ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅದ್ದುವ ಆಳ. ಅಚ್ಚಿನ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು, ಮೇಲಿನ ಅಂಚು ಒಂದು ಉಗುರಿನ ಅಗಲದಷ್ಟು ಒಣಗಿಯೇ ಇರಬೇಕು. ಹಿಟ್ಟು ಅಂಚನ್ನು ದಾಟಿ ಮೇಲೆ ಹೋಯಿತೋ, ಬೆಂದ ಮೇಲೆ ಅದು ಬೀಗ ಹಾಕಿದಂತೆ; ಎಷ್ಟು ಕೊಡವಿದರೂ ಕಳಚದು. ಅದ್ದಿದ ಅಚ್ಚನ್ನು ಎಣ್ಣೆಗೆ ಇಳಿಸಿ, ಬಾಣಲೆಯ ತಳಕ್ಕೆ ತಾಗದಂತೆ ಹಿಡಿದು, ಕರ್ತನ ಪ್ರಾರ್ಥನೆಯ ಮೊದಲ ಎರಡು ಸಾಲು ಹೇಳುವಷ್ಟು ಹೊತ್ತು ಕಾಯಿರಿ. ನನ್ನ ಅತ್ತೆಯವರು ನಿಜವಾಗಿಯೂ ತುಟಿ ಅಲುಗಿಸಿ ಹೇಳುತ್ತಿದ್ದರು. ಅಂಚು ತಾನಾಗಿ ಬಿಡಲು ಶುರುವಾದಾಗ ಮೆಲ್ಲಗೆ ಅಲುಗಿಸಿದರೆ ಹೂ ತೇಲಿಹೋಗುತ್ತದೆ. ಬಿಡದಿದ್ದರೆ ತೆಂಗಿನ ಗರಿಯ ಕಡ್ಡಿಯಿಂದ ಒಂದು ಬದಿಯನ್ನು ಮುಟ್ಟಿ. ಚಾಕು ಹಾಕಿ ಎಬ್ಬಬೇಡಿ. ಹೂವು ಕೆಂಪಾಗುವವರೆಗೆ ಅಚ್ಚು ಎಣ್ಣೆಯಲ್ಲೇ ಇರಲಿ, ಹೊರಗಿಟ್ಟು ತಣಿಸಬೇಡಿ. ಅಕ್ಕಿಹಿಟ್ಟು ತಳಕ್ಕೆ ಕೂರುವುದರಿಂದ ಐದಾರು ಹೂವಿಗೊಮ್ಮೆ ಕದಡಬೇಕು. ಹಿಟ್ಟು ಕಡಿಮೆಯಾದಾಗ ಸಣ್ಣ ಬಾಯಿಯ ಪಾತ್ರೆಗೆ ಹೊಯ್ದರೆ ಆಳ ಸಿಗುತ್ತದೆ, ಕೊನೆಯ ಹತ್ತು ಹೂವುಗಳು ಹಾಳಾಗುವುದಿಲ್ಲ. ಮೊದಲ ಎರಡು ಮೂರು ಮುರಿದೇ ಮುರಿಯುತ್ತವೆ. ಅವು ಸಂಡೇ ಸ್ಕೂಲಿನ ಮಕ್ಕಳ ಪಾಲು. ನಾನೂ ಹಾಗೆಯೇ ಆ ಸಭಾಂಗಣದ ಬಾಗಿಲಲ್ಲಿ ಕೈಚಾಚಿ ನಿಂತಿದ್ದವಳು, ಮಿಷನಿನ ಕಾರ್ಖಾನೆಯ ಹಂಚುಗಳ ಸಂದಿಯಿಂದ ಹೊಗೆ ಹೊರಹೋಗುವುದನ್ನು ನೋಡುತ್ತಾ.

ಮೊಟ್ಟೆ ತಿನ್ನದ ನೆರೆಯವರಿಗೆ ಬೇರೆ ಹಿಟ್ಟು ಕಲಸಿ, ಅವರ ಹೂಗಳನ್ನು ಹೊಸ ಎಣ್ಣೆಯಲ್ಲಿ ಎಲ್ಲಕ್ಕಿಂತ ಮೊದಲು ಕರಿದು, ಬೇರೆ ಡಬ್ಬಿಯಲ್ಲಿಡಿ. ಮೊಟ್ಟೆಯ ಹಿಟ್ಟು ಕರಿದ ಎಣ್ಣೆಯಲ್ಲೇ ಆಮೇಲೆ ಅವರದನ್ನೂ ಕರಿದು "ಮೊಟ್ಟೆ ಹಾಕಿಲ್ಲ" ಎಂದು ಹೇಳಿ ಕೊಡುವುದು ಸುಳ್ಳು. ಪೂರ್ತಿ ತಣಿದ ಮೇಲೆ ಡಬ್ಬಿ ತುಂಬಿ, ಸಂಜೆಯ ತೇವ ಇಳಿಯುವ ಮುನ್ನ ಮುಚ್ಚಳ ಹಾಕಿ. ನಮ್ಮ ಬೀದಿಯಲ್ಲಿ ಚೌತಿಗೆ ಕಡುಬು, ರಂಜಾನಿಗೆ ಸಿಹಿ ತಪ್ಪದೆ ನಮ್ಮ ಮನೆಗೆ ಬರುತ್ತವೆ. ಆ ತಟ್ಟೆಗಳು ತಿರುಗಿ ಹೋಗುವುದು ಡಿಸೆಂಬರಿನಲ್ಲಿ. ಅಂಥ ಮನೆಗಳಿಗೆ ಬೇಕರಿಯ ಡಬ್ಬ ಕಳುಹಿಸುವುದು ನನಗೆ ಒಗ್ಗುವುದಿಲ್ಲ.

ಹಾಸಿಗೆ ಹಿಡಿದ ಹಿರಿಯರಿಗೆ ಸಭಾಪಾಲಕರು ಮನೆಯಲ್ಲೇ ಪ್ರಭುಭೋಜನ ಕೊಡಲು ಹೋಗುವಾಗ ಕೂಟದಿಂದ ಇಬ್ಬರು ಜೊತೆಗೆ ಹೋಗುವುದು ರೂಢಿ. ಹಿಂದಿನ ದಿನವೇ ತಿಳಿಸಿರಿ, ಅವರಿಗೆ ಮಿಂದು ಬಟ್ಟೆ ಬದಲಿಸಲು ಸಮಯ ಬೇಕು. ಸಕ್ಕರೆ ಕಾಯಿಲೆಯವರಿಗೆ ಚಕ್ಕುಲಿ ಒಯ್ಯಿರಿ. ಗಿಟಾರು ಮನೆಯಲ್ಲಿರಲಿ; ಹಳೆಯ ಜರ್ಮನ್ ರಾಗದ ಕನ್ನಡ ಕೀರ್ತನೆಯೊಂದನ್ನು ನಿಧಾನವಾಗಿ ಎತ್ತಿಕೊಂಡರೆ, ಮಗಳ ಹೆಸರನ್ನು ಮರೆತವರೂ ಮೂರನೆಯ ಚರಣದವರೆಗೆ ಜೊತೆಗೂಡಿ ಹಾಡುವುದನ್ನು ನಾನು ಕಂಡಿದ್ದೇನೆ. ಕ್ಯಾರಲ್ ಹಾಡಲು ಹೋಗುವವರು ಶುಂಠಿ ಕಷಾಯವನ್ನು ಫ್ಲಾಸ್ಕಿನಲ್ಲಿ ಒಯ್ದು, ಎಳೆಗೂಸು ಇರುವ ಮನೆಯ ಮುಂದೆ ಡೋಲು ಬಡಿಯದಿದ್ದರೆ ಸಾಕು.

24ರ ರಾತ್ರಿಯ ಮೇಣದಬತ್ತಿಯ ಆರಾಧನೆಗೆ ಹಳೆಯ ಮದುವೆ ಕಾಗದಗಳನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಬತ್ತಿಗೆ ತೊಡಿಸಿ, ಕೈ ಸುಡುವುದಿಲ್ಲ. ಉರಿಯುವ ಬತ್ತಿ ನೆಟ್ಟಗೆ ನಿಲ್ಲಬೇಕು, ಹಚ್ಚಿಕೊಳ್ಳುವ ಬತ್ತಿ ಅದರತ್ತ ಬಾಗಬೇಕು. ಪ್ರತಿ ವರ್ಷ ಇದನ್ನು ಹೇಳುತ್ತೇನೆ, ಪ್ರತಿ ವರ್ಷ ಯಾರಾದರೊಬ್ಬರು ಉರಿಯುವುದನ್ನೇ ಬಗ್ಗಿಸಿ ಮುಂದಿನ ಬೆಂಚಿನವರ ರೇಷ್ಮೆ ಸೀರೆಗೆ ಮೇಣ ಸುರಿಸುತ್ತಾರೆ. ಅಂಥ ಸೀರೆಗೆ ಬಿಸಿನೀರು ಹಾಕಬೇಡಿ. ಐಸ್ ತುಂಡು ಇಟ್ಟು ಮೇಣ ಗಟ್ಟಿಯಾದ ಮೇಲೆ ಚಮಚದ ಹಿಂಭಾಗದಿಂದ ಕಿತ್ತು, ಎರಡೂ ಬದಿಗೆ ಏನೂ ಅಚ್ಚಾಗದ ಕಾಗದ ಇಟ್ಟು, ಹದವಾದ ಬಿಸಿಯ ಇಸ್ತ್ರಿ ಆಡಿಸಿದರೆ ಉಳಿದದ್ದನ್ನು ಕಾಗದ ಹೀರುತ್ತದೆ. ದಿನಪತ್ರಿಕೆ ಇಟ್ಟರೆ ಶಾಯಿ ಸೀರೆಗೆ ಬರುತ್ತದೆ.

31ರ ರಾತ್ರಿಯ ಆರಾಧನೆ ಮುಗಿದು, ಜನವರಿ 6ಕ್ಕೆ ನಕ್ಷತ್ರಗಳನ್ನು ಇಳಿಸಿದ ದಿನ ಅಚ್ಚಿನ ಕೆಲಸವೂ ಮುಗಿಯುತ್ತದೆ. ತೊಳೆಯುವುದಿಲ್ಲ, ಬಿಸಿಯಿರುವಾಗಲೇ ಹಳೆಯ ಹತ್ತಿಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡುವುದು. ಈಗ ಅದು ಸಭಾಂಗಣದ ಕಪಾಟಿನಲ್ಲಿಲ್ಲ, ನನ್ನ ಅಡುಗೆಮನೆಯ ಅಟ್ಟದ ಮೇಲಿದೆ. ಬೇಕಾದವರು ನವೆಂಬರ್ ಮೊದಲ ವಾರದಲ್ಲೇ ಬಂದು ಒಯ್ಯಬಹುದು. ಬರುವಾಗ ಸ್ಟೀಲ್ ನಾರು ತರುವುದು ಬೇಡ.